ನಿಜಾಮನ ಅರಮನೆಯಲ್ಲಿ ಭೂಸನೂರದ ವಿದ್ಯಾರ್ಥಿಗಳು

ದೇಶ ಸುತ್ತಬೇಕು, ಇಲ್ಲವೆ ಕೋಶ ಓದಬೇಕು ಎಂಬ ಮಾತು ನಮ್ಮಲ್ಲಿ ಬಹು ಹಳೆಯದು. ಕೋಶದ ಮಾತು ಹಾಗಿರಲಿ. ದೇಶ ಸುತ್ತುವ ಯೋಗವು ಹಳ್ಳಿಯ ವಿದ್ಯಾರ್ಥಿಗಳಿಗೆ ಒದಗಿಬರುವುದು ಅಪೂರ್ವವೇ ಸರಿ. ನಾವು ಆಳಂದ ತಾಲೂಕಿನ ಭೂಸನೂರದವರು. ಕಲಬುರಗಿಯಲ್ಲಿ ಪದವಿಯ ತರಗತಿಯಲ್ಲಿ ಓದುತ್ತಿದ್ದಾಗ, 2011ನೆಯ ಇಸವಿಯ ಚಳಿಗಾಲದಲ್ಲಿ, ನಾಲ್ವರು ಗೆಳೆಯರು ಕೂಡಿಕೊಂಡು ಹೈದರಾಬಾದಿಗೆ ಹೋಗಿ ಅಲ್ಲಿಯ ಚೌಮಹಲ್ಲಾ ಅರಮನೆಯನ್ನು ನೋಡಿಬಂದೆವು. ಆ ಪ್ರವಾಸದ ವೃತ್ತಾಂತವನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶವು.

ಅರಮನೆಯನ್ನು ನೋಡಬೇಕೆಂದರೆ ಕನ್ನಡಿಗರು ಮೈಸೂರಿಗೆ ಹೋಗುವುದು ರೂಢಿ. ಅದು ಯುಕ್ತವೂ ಅಹುದು. 1897ರಲ್ಲಿ ಮರದ ಹಳೆಯ ಅರಮನೆಯು ಬೆಂಕಿಗೆ ಆಹುತಿಯಾದ ಬಳಿಕ ಹೆನ್ರಿ ಇರ್ವಿನ್ ಎಂಬ ಶಿಲ್ಪಿಯು ರೂಪಿಸಿದ ಈಗಿನ ಅರಮನೆಯು 1912ರಲ್ಲಿ ಪೂರ್ತಿಯಾಯಿತು. ಅದಕ್ಕೆ 41 ಲಕ್ಷ ರೂಪಾಯಿಗಳಿಗೂ ಮಿಕ್ಕಿ ವೆಚ್ಚವಾಯಿತು. ಆ ಕಡೆಯ ಹಿರಿಯರು ಅದನ್ನು ತೋರಿಸುವಾಗ "ನಮ್ಮ ಮಹಾರಾಜರ ಅರಮನೆ" ಎಂದು ಎದೆಯುಬ್ಬಿಸಿ ಹೇಳುವರು. ಆದರೆ ಕಲಬುರಗಿ, ಬೀದರ, ರಾಯಚೂರು ಸೀಮೆಯ ನಮ್ಮ ಹಿರಿಯರಿಗೆ ಮೈಸೂರಿನವರು ಮಹಾರಾಜರಾಗಿರಲಿಲ್ಲ. 1948ರ ಸಪ್ಟೆಂಬರದವರೆಗೂ ಅವರು ನಿಜಾಮನ ಪ್ರಜೆಗಳಾಗಿದ್ದರು. ಅವರ ಹೊಲದ ಪಟ್ಟಿ ಹೋದುದು ಹೈದರಾಬಾದಿಗೆ. ಅವರ ತಂಟೆ ತಕರಾರುಗಳ ಕೊನೆಯ ತೀರ್ಪು ಬಂದುದು ಹೈದರಾಬಾದಿನಿಂದ. ಹೀಗಿರಲು ನಮಗೆ ಸಂಬಂಧಪಟ್ಟ ಅರಮನೆಯೆಂದರೆ ಚೌಮಹಲ್ಲಾ. ಆದರೂ ನಮ್ಮ ಹಿರಿಯರಲ್ಲಿ ಯಾರೊಬ್ಬರೂ ಅದನ್ನು "ನಮ್ಮದು" ಎಂದುದನ್ನು ನಾವು ಕೇಳಿರಲಿಲ್ಲ. ಇದೇಕೆ ಹೀಗೆ ಎಂಬುದನ್ನು ತಿಳಿಯುವ ಕುತೂಹಲವೇ ನಮ್ಮನ್ನು ಅತ್ತ ಎಳೆಯಿತು.

ಹೊರಡುವ ಮುನ್ನ ಮುತ್ಯಾನ ಅಪ್ಪಣೆ ಪಡೆಯಬೇಕಾಗಿದ್ದಿತು. ಆಗ ನಮ್ಮ ಮುತ್ಯಾನಿಗೆ ಎಪ್ಪತ್ತು ದಾಟಿದ್ದಿತು. ಸಂಗತಿಯನ್ನು ಕೇಳಿದೊಡನೆ ಆತನ ಮುಖವು ಬಿಗಿಯಾಯಿತು. "ಆ ಮನಿ ನೋಡಿ ಏನ್ ಮಾಡ್ತೀರೋ ತಮ್ಮಾ? ಬಿದ್ದು ಹೋಗಲಿ ಅದು," ಎಂದನು. ಬಹಳ ಹೊತ್ತಿನ ಮೇಲೆ ಆತನು ತಾನಾಗಿಯೇ ಹೇಳಿದ ಮಾತಿನ ಸಾರಾಂಶವಿಷ್ಟು: 1948ರಲ್ಲಿ ರಜಾಕಾರರ ಹಾವಳಿಯು ಹೆಚ್ಚಿದಾಗ ಆತನು ಹತ್ತು ವರ್ಷದ ಹುಡುಗ. ಒಂದು ರಾತ್ರಿ ತಾಯಿಯು ಮಕ್ಕಳನ್ನು ಎಬ್ಬಿಸಿ, ಒಂದು ಗಂಟು ರೊಟ್ಟಿ ಕಟ್ಟಿಕೊಂಡು, ಜೋಳದ ಹೊಲಗಳ ನಡುವೆ ನಡೆಸಿಕೊಂಡು ಗಡಿಯಾಚೆಯ ಅಕ್ಕಲಕೋಟೆಯ ಸೀಮೆಗೆ ದಾಟಿಸಿದಳು. ಹೊರಡುವಾಗ ಮನೆಯಲ್ಲಿದ್ದ ಒಂದೇ ಚಿಮಣಿ ದೀಪವನ್ನು ಊದಿ ಆರಿಸಿ ಬಂದಳು. ತಿಂಗಳುಗಳ ಮೇಲೆ ತಿರುಗಿ ಬಂದಾಗ ಮನೆಯಿದ್ದಿತು, ಚಿಮಣಿಯಿರಲಿಲ್ಲ.

ಮರುದಿನ ನಾವು ಹೊರಟು ನಿಂತಾಗ ಮುತ್ಯಾ ಹಳೆಯ ಟ್ರಂಕಿನಿಂದ ಒಂದು ಬೆಳ್ಳಿಯ ರೂಪಾಯಿಯನ್ನು ತೆಗೆದು ಕೈಯಲ್ಲಿಟ್ಟನು. ಅದು ಹೈದರಾಬಾದ ಸಂಸ್ಥಾನದ ಹಾಲಿ ಸಿಕ್ಕಾ. ಒಂದು ಮಗ್ಗುಲಲ್ಲಿ ಚಾರಮಿನಾರದ ಚಿತ್ರ. "ಅವನ ರೊಕ್ಕ ಅವನ ಬಾಗಿಲಿಗೆ ತೋರಿಸಿ ತಿರುಗಿ ತಾ," ಎಂದನು. "ಮತ್ತ ಅಲ್ಲಿ ಎಷ್ಟು ದೀಪ ಅದಾವ, ಎಣಿಸಿಕೊಂಡು ಬಾ."

ಕಲಬುರಗಿಯಿಂದ ರೈಲುಗಾಡಿಯು ವಾಡಿ ಜಂಕ್ಷನ್ನಿನಲ್ಲಿ ಪೂರ್ವಕ್ಕೆ ತಿರುಗುವುದು. ವಾಡಿಯಿಂದ ಸಿಕಂದರಾಬಾದಿನವರೆಗಿನ ಈ ಮಾರ್ಗವು 1874ರಲ್ಲಿ ತೆರೆದುದು; ನಿಜಾಮ ಸಂಸ್ಥಾನದ ಮೊದಲನೆಯ ರೈಲುಮಾರ್ಗವಿದೇ. ಚಿತ್ತಾಪುರವನ್ನು ದಾಟಿದ ಮೇಲೆ ಮಳಖೇಡ ರೋಡ್ ಎಂಬ ನಿಲ್ದಾಣವು ಬರುವುದು. ಕಿಟಕಿಯಿಂದ ನೋಡಿದರೆ ತೊಗರಿಯ ಹೊಲಗಳು, ಕಲ್ಲಿನ ಗಣಿಗಳು, ಸಿಮೆಂಟು ಕಾರಖಾನೆಯ ಧೂಳು. ಈ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟವು. ಕವಿರಾಜಮಾರ್ಗವು ಹುಟ್ಟಿದ ಆಸ್ಥಾನವು ಇದ್ದ ಊರು. ನೃಪತುಂಗನೆಂದು ಹೆಸರಾದ ಅಮೋಘವರ್ಷನು ಒಂಬತ್ತನೆಯ ಶತಮಾನದಲ್ಲಿ ಅರುವತ್ತು ವರ್ಷಗಳಿಗೂ ಹೆಚ್ಚು ಕಾಲ ಇಲ್ಲಿಂದ ಆಳಿದನು. ಆತನ ಅರಮನೆಯ ಒಂದು ಕಂಬವನ್ನಾದರೂ ತೋರಿಸಿ ಇದು ಅದರದು ಎಂದು ಹೇಳಬಲ್ಲವರು ಇಂದಿಲ್ಲ. ಅರಮನೆಯನ್ನು ನೋಡಹೊರಟವರಿಗೆ ದಾರಿಯಲ್ಲಿಯೇ ದೊರೆತ ಮೊದಲನೆಯ ಪಾಠವಿದು.

ಹೈದರಾಬಾದಿನಲ್ಲಿ ನಮ್ಮೂರ ಕಾಕಾ ಒಬ್ಬರಿದ್ದರು. ಆಳಂದದ ಕಡೆಯಿಂದ ದುಡಿಯಲಿಕ್ಕೆಂದು ಪುಣೆ, ಮುಂಬಯಿ, ಹೈದರಾಬಾದುಗಳಿಗೆ ಹೋಗುವವರು ಬಹಳ ಜನ. ಅವರಲ್ಲಿ ಇವರೂ ಒಬ್ಬರು. ಗೌಂಡಿ ಕೆಲಸ ಮಾಡಿಕೊಂಡು ಕಾಚಿಗುಡದ ಬಳಿಯಲ್ಲಿ ಒಂದು ಕೋಣೆಯಲ್ಲಿ ವಾಸವಾಗಿದ್ದರು. ನಮ್ಮ ನಾಲ್ವರ ಇಳಿದಾಣವೂ ಅದೇ ಆಯಿತು. ಅದೇ ಕಾಚಿಗುಡದಲ್ಲಿ ನೃಪತುಂಗನ ಹೆಸರಿನ ಪಾಠಶಾಲೆಯೊಂದಿದೆ. ಹೈದರಾಬಾದಿನ ಕನ್ನಡಿಗರು ತಮ್ಮ ಮಕ್ಕಳ ಕನ್ನಡಕ್ಕಾಗಿ ಕಟ್ಟಿಕೊಂಡ ಸಂಸ್ಥೆಯದು. ಮಳಖೇಡದಲ್ಲಿ ಕಾಣದಿದ್ದ ಅರಸನ ಹೆಸರನ್ನು ಇಲ್ಲಿಯ ಬೀದಿಯಲ್ಲಿ ಕಂಡಾಗ ನಮಗೆ ಬಹಳ ಸಂತೋಷವಾಯಿತು.

ನಾವು ಊರು ಮುಟ್ಟಿದುದು ಶುಕ್ರವಾರ. ಆ ದಿನ ಅರಮನೆಗೆ ರಜೆಯೆಂಬುದು ಬಾಗಿಲಿಗೆ ಹೋದಾಗಲೇ ನಮಗೆ ತಿಳಿಯಿತು. ಆದುದರಿಂದ ಆ ಮಧ್ಯಾಹ್ನವನ್ನು ಹಳೆಯ ಪಟ್ಟಣದ ಬೀದಿಗಳಲ್ಲಿಯೇ ಕಳೆದೆವು. ಬಳೆಯಂಗಡಿಗಳಿಂದ ಥಳಥಳಿಸುವ ಲಾಡ ಬಾಜಾರವನ್ನು ಹಾಯ್ದು ಚಾರಮಿನಾರದ ಕೆಳಗೆ ನಿಂತು, ಮುತ್ಯಾನ ರೂಪಾಯಿಯನ್ನು ತೆಗೆದು ಕಟ್ಟಡಕ್ಕೆ ಎದುರಾಗಿ ಹಿಡಿದು ನೋಡಿದೆವು. 1591ರಲ್ಲಿ ಮಹಮ್ಮದ ಕುಲಿ ಕುತುಬ ಶಹನು ಕಟ್ಟಿಸಿದ ನಾಲ್ಕು ಮಿನಾರುಗಳು ಬೆಳ್ಳಿಯ ಮೇಲೆಯೂ ನಾಲ್ಕೇ ಇದ್ದವು. ನಾಣ್ಯದಲ್ಲಿ ನಡುವಣ ಕಮಾನಿನೊಳಗೆ ಒಂದು ಅಕ್ಷರವಿದ್ದಿತು. ನಮ್ಮ ಗೆಳೆಯರಲ್ಲಿ ಒಬ್ಬನು ಉರ್ದು ಬಲ್ಲವನು, ನಮ್ಮೂರ ಮುಸಲ್ಮಾನರ ಮನೆಯ ಹುಡುಗ. "ಇದು ಐನ್, ಉಸ್ಮಾನ ಅಲಿ ಖಾನನ ಹೆಸರಿನ ಮೊದಲಕ್ಷರ," ಎಂದು ಅವನು ಓದಿ ಹೇಳಿದನು. ಹೈದರಾಬಾದಿನ ನಿಜಾಮನು ತನ್ನ ರಾಜ್ಯದಲ್ಲಿ ತನ್ನದೇ ನಾಣ್ಯವನ್ನು ನಡೆಯಿಸುತ್ತಿದ್ದನು. ಅದರ ಏಳು ರೂಪಾಯಿಗಳು ಬ್ರಿಟಿಷ ಹಿಂದುಸ್ಥಾನದ ಆರು ರೂಪಾಯಿಗಳಿಗೆ ಸಮ. ಗಡಿಯ ಹಳ್ಳಿಗಳವರು ಸಂತೆಗಾಗಿ ಸೊಲ್ಲಾಪುರದ ಕಡೆಗೆ ಹೋದಾಗಲೆಲ್ಲ ಈ ಬಟವಾಡೆಯ ಲೆಕ್ಕವನ್ನು ಹಾಕಬೇಕಾಗುತ್ತಿದ್ದಿತು.

ಮರುದಿನ ಕಾಕಾ ಒಂದು ದಿನದ ಪಗಾರ ಬಿಟ್ಟು ನಮ್ಮ ಸಂಗಡ ಬಂದರು. "ಬ್ಯಾಡ ಕಾಕಾ, ನಿಮ್ಮ ಪಗಾರ ಯಾಕ ಮುರೀತೀರಿ?" ಎಂದರೆ ಕೇಳಲಿಲ್ಲ.

ಚೌಮಹಲ್ಲಾ ಎಂದರೆ ನಾಲ್ಕು ಮಹಲುಗಳುಳ್ಳದ್ದು. ಅಸಫ ಜಾಹಿ ಮನೆತನದ ಸಲಾಬತ ಜಂಗನ ಕಾಲದಲ್ಲಿ, ಎಂದರೆ ಹದಿನೆಂಟನೆಯ ಶತಮಾನದ ನಡುವಿನಲ್ಲಿ, ಇದರ ಕೆಲಸಕ್ಕೆ ಮೊದಲಾಯಿತು; ಐದನೆಯ ನಿಜಾಮನಾದ ಅಫಜಲುದ್ದೌಲನ ಆಳಿಕೆಯಲ್ಲಿ, 1857 ರಿಂದ 1869ರ ಒಳಗೆ, ಇದು ಪೂರ್ಣ ರೂಪಕ್ಕೆ ಬಂದಿತು. ತೆಹರಾನಿನಲ್ಲಿದ್ದ ಇರಾಣದ ಶಹನ ಅರಮನೆಯ ಮಾದರಿಯನ್ನು ನೋಡಿ ಕಟ್ಟಿದುದೆಂದು ಹೇಳುವರು. ಮೊದಲು ಸುಮಾರು 45 ಎಕರೆಗಳಷ್ಟು ಹರಡಿದ್ದ ಈ ಆವರಣವು ಕ್ರಮೇಣ ಕುಗ್ಗಿ ಈಗ ಸುಮಾರು 12 ಎಕರೆಗಳಷ್ಟು ಉಳಿದಿದೆ. ಆದರೂ ಒಳಗೆ ಹೊಕ್ಕವನಿಗೆ ಕುಗ್ಗಿದುದೆಂದು ತೋರುವುದಿಲ್ಲ.

ಹೆಬ್ಬಾಗಿಲ ಮೇಲಿನ ಗೋಪುರದಲ್ಲಿ ಒಂದು ಗಡಿಯಾರವಿದೆ. ಇದಕ್ಕೆ ಖಿಲವತ ಗಡಿಯಾರವೆಂದು ಹೆಸರು. ಇದಕ್ಕೆ ವಾರವಾರವೂ ಕೀಲಿ ಕೊಡಬೇಕು. ರಾಜ್ಯವು ಹೋಯಿತು, ರಾಜನು ಹೋದನು; ಗಡಿಯಾರಕ್ಕೆ ಕೀಲಿ ಕೊಡುವುದು ಮಾತ್ರ ತಪ್ಪಲಿಲ್ಲ.

ಒಳಗೆ ಉದ್ದನೆಯ ಕೊಳ, ನಡುವೆ ಕಾರಂಜಿ. ಒಂದು ಮಗ್ಗುಲಲ್ಲಿ ಬಾರಾ ಇಮಾಮ ಎಂಬ ಕೋಣೆಗಳ ಸಾಲು. ಅದಕ್ಕೆ ಎದುರಾಗಿ, ಕನ್ನಡಿಯಲ್ಲಿ ಕಂಡ ಅದರದೇ ಪ್ರತಿರೂಪದಂತೆ, ಶೀಶೆ ಆಲಾತ ಎಂಬ ಇನ್ನೊಂದು ಸಾಲು. ಕೊಳದ ತುದಿಯಲ್ಲಿ ಖಿಲವತ ಮುಬಾರಕ ಎಂಬ ದರ್ಬಾರಿನ ಮಹಾಶಾಲೆ. ಅದರ ಮೆಟ್ಟಿಲೇರಿದಾಗ ನಾವು ಐವರೂ ಒಂದು ಗಳಿಗೆ ಮಾತಿಲ್ಲದೆ ನಿಂತೆವು. ಎರಡು ಅಂತಸ್ತುಗಳ ಎತ್ತರಕ್ಕೆ ಎದ್ದುನಿಂತ ಕಂಬಗಳು. ಕಮಾನುಗಳ ಅಂಚಿನಲ್ಲೆಲ್ಲ ಲತೆ, ಹೂವು, ಬಳ್ಳಿಗಳು. ನಡುವೆ ಅಮೃತಶಿಲೆಯ ಜಗುಲಿ, ಅದರ ಮೇಲೆ ನಿಜಾಮನು ಕುಳಿತುಕೊಳ್ಳುತ್ತಿದ್ದ ಗದ್ದಿಗೆ. ಮೇಲೆ ನೋಡಿದರೆ ಬೆಲ್ಜಿಯಮ್ ದೇಶದ ಸ್ಫಟಿಕದ ಝೂಮರುಗಳು, ಒಂದರ ಹಿಂದೆ ಒಂದು. ಬಿಸಿಲು ಅವುಗಳ ಮೇಲೆ ಬಿದ್ದು ನೆಲದ ಮೇಲೆ ಬಣ್ಣಬಣ್ಣದ ಚುಕ್ಕಿಗಳನ್ನು ಚೆಲ್ಲಿದ್ದಿತು.

ನಾವು ಮುತ್ಯಾನ ಮಾತನ್ನು ನೆನೆದು ಎಣಿಸತೊಡಗಿದೆವು. ಝೂಮರುಗಳು ಹತ್ತೊಂಬತ್ತು. ಆದರೆ ಒಂದೊಂದು ಝೂಮರಿನ ಕೊಂಬೆಗಳಲ್ಲಿ ದೀಪಗಳೆಷ್ಟು ಎಂಬುದನ್ನು ಎಣಿಸಹೋಗಿ ಮೂರು ಸಲ ಲೆಕ್ಕ ತಪ್ಪಿದೆವು. ಒಬ್ಬನ ಎಣಿಕೆಯು ಇನ್ನೊಬ್ಬನದಕ್ಕೆ ಹೊಂದಲಿಲ್ಲ. ಕಡೆಗೆ, ಭೂಸನೂರದ ಇಡೀ ಊರಿಗೆ ಮನೆಗೊಂದರಂತೆ ಹಂಚಿದರೂ ಈ ಒಂದು ಶಾಲೆಯ ದೀಪಗಳು ಮಿಗುತ್ತಿದ್ದವೋ ಏನೋ ಎಂದುಕೊಂಡು ಸುಮ್ಮನಾದೆವು.

ಅಷ್ಟರಲ್ಲಿ ಕಾಕಾ ಎಲ್ಲಿಯೆಂದು ನೋಡಿದರೆ, ಅವರು ದೀಪಗಳನ್ನೂ ನೋಡುತ್ತಿರಲಿಲ್ಲ, ಗದ್ದಿಗೆಯನ್ನೂ ನೋಡುತ್ತಿರಲಿಲ್ಲ. ಒಂದು ಕಂಬದ ಬುಡದಲ್ಲಿ ಕುಳಿತು ಗಚ್ಚಿನ ಅಂಚನ್ನು ದಿಟ್ಟಿಸುತ್ತಿದ್ದರು. ನಾವು ಹತ್ತಿರ ಹೋದೊಡನೆ ವಿವರಿಸತೊಡಗಿದರು. ಸಿಮೆಂಟನ್ನು ಕಲಸಿದರೆ ಅದೇ ದಿನ ಮುಗಿಸಬೇಕು. ಗಚ್ಚು ಹಾಗಲ್ಲ. ಸುಟ್ಟ ಸುಣ್ಣವನ್ನು ಕುಣಿಯಲ್ಲಿ ಅರಳಿಸಿ ದಿನಗಟ್ಟಲೆ ನೆನೆಯಿಸಬೇಕು. ಬಳಿಕ ಎತ್ತು ಕಟ್ಟಿದ ಗಾಣದಲ್ಲಿ ಉಸುಕಿನೊಡನೆ ಅರೆಯಬೇಕು. ಬೆಲ್ಲದ ನೀರು, ಅಂಟು ಮೊದಲಾದವುಗಳನ್ನು ಕೂಡಿಸಬೇಕು. ಒರಟು ಪದರದ ಮೇಲೆ ನಯವಾದ ಪದರ, ಅದರ ಮೇಲೆ ಇನ್ನೂ ನಯವಾದ ಪದರ ಹೀಗೆ ಬಳಿದು, ಅದು ಹಸಿಯಾಗಿರುವಾಗಲೇ ಹೂಬಳ್ಳಿಗಳನ್ನು ಕೊರೆಯಬೇಕು. ಕಡೆಗೆ ನುಣುಪಾದ ಕಲ್ಲಿನಿಂದ ತಿಕ್ಕಿ ಮಿರುಗು ಬರಿಸಬೇಕು. "ಈ ಒಂದು ಎಲಿ ತಿದ್ದಾಕ ನನ್ನಂಥವನಿಗೆ ಒಂದು ದಿನ ಬೇಕು," ಎಂದರು. "ಎಷ್ಟು ಎಲಿ ಅದಾವ ಅದನ್ನ ಎಣಿಸ್ರಿ, ದೀಪ ಯಾಕ ಎಣಿಸ್ತೀರಿ?"

ಹಾಗಾದರೆ ಪಗಾರ ಬಿಟ್ಟು ಬಂದುದಕ್ಕೆ ಬೇಸರವಿಲ್ಲವೇ ಎಂದು ನಾವು ನಗುತ್ತ ಕೇಳಿದೆವು. ಅವರು ನಗಲಿಲ್ಲ. "ತಮ್ಮಾ, ಇಪ್ಪತ್ತು ವರ್ಷ ಆತು ಈ ಊರಾಗ ದೊಡ್ಡ ದೊಡ್ಡ ಮನಿ ಕಟ್ಟಾಕತ್ತು. ಮುಗಿದ ದಿನ ಬಿಲ್ಲು ಕೊಟ್ಟು ಕಳಸ್ತಾರ. ತಿರುಗಿ ಒಳಗ ಕರೆಯೋದಿಲ್ಲ. ಮುಗಿದ ಮನೀ ಒಳಗ ಬಂದು ನಿಂತದ್ದು ಇದೇ ಮೊದಲು," ಎಂದರು. ಈ ಮಾತಿಗೆ ಉತ್ತರವು ನಮ್ಮಲ್ಲಿ ಯಾರ ಬಳಿಯಲ್ಲಿಯೂ ಇರಲಿಲ್ಲ.

ದಕ್ಷಿಣದ ಅಂಗಳದಲ್ಲಿ ಹೆಸರಿಗೆ ಕಾರಣವಾದ ನಾಲ್ಕು ಮಹಲುಗಳಿವೆ: ಅಫಜಲ ಮಹಲು, ಮಹತಾಬ ಮಹಲು, ತಹನಿಯತ ಮಹಲು, ಅಫ್ತಾಬ ಮಹಲು. ಇವುಗಳಲ್ಲಿ ಅಫ್ತಾಬವು ಎರಡಂತಸ್ತಿನದು, ಎಲ್ಲಕ್ಕೂ ದೊಡ್ಡದು. ಇಲ್ಲಿಯ ಕಂಬಗಳ ರೀತಿಯು ಯುರೋಪದ್ದು. ಖಿಲವತದ ಕಮಾನುಗಳ ರೀತಿಯು ಮೊಗಲರ ಮತ್ತು ಇರಾಣದ ಕಡೆಯದು. ಬಡಿಸುವ ಪಿಂಗಾಣಿಯ ಪಾತ್ರೆಗಳು, ಜರಿಯ ಉಡುಪುಗಳು, ಆಯುಧಗಳು, ಛಾಯಾಚಿತ್ರಗಳು ಇವನ್ನೆಲ್ಲ ಕೋಣೆ ಕೋಣೆಗಳಲ್ಲಿ ಒಪ್ಪವಾಗಿ ಇಟ್ಟಿರುವರು. ನಮ್ಮ ಗೃಹಿಣಿಯರು ಅಲ್ಲಿಗೆ ಹೋದರೆ ಪಿಂಗಾಣಿಯ ಕೋಣೆಯಿಂದ ಅವರನ್ನು ಹೊರಡಿಸುವುದು ಕಷ್ಟವಾದೀತು. ಇನ್ನೊಂದೆಡೆ ಸಾರೋಟುಗಳು, ಹಳೆಯ ಮೋಟಾರು ಗಾಡಿಗಳು. ಅವುಗಳಲ್ಲಿ 1912ರ ಕಾಲದ ಹಳದಿ ಬಣ್ಣದ ರೋಲ್ಸ್ ರಾಯ್ಸ್ ಒಂದು. ಹಿಂಬದಿಯಲ್ಲಿ ಸಿಂಹಾಸನದಂಥ ಎತ್ತರದ ಆಸನವುಳ್ಳದ್ದು. ಆರನೆಯ ನಿಜಾಮನಾದ ಮಹಬೂಬ ಅಲಿ ಖಾನನು ಅದನ್ನು ಮಾಡಲು ಹೇಳಿದ್ದನು. ಅದು ಬರುವ ಮೊದಲೇ, 1911ರಲ್ಲಿ, ಅವನು ತೀರಿಕೊಂಡನು. ಮೆರವಣಿಗೆಗಳಿಗಾಗಿ ಮಾತ್ರ ಹೊರತೆಗೆಯುತ್ತಿದ್ದ ಆ ಗಾಡಿಯು ಓಡಿದುದು ಕೆಲವೇ ನೂರು ಮೈಲಿ.

ಇಷ್ಟೆಲ್ಲ ವೈಭವವು ಎಲ್ಲಿಂದ ಬಂದಿತು? ಇದೇ ನಾವು ಹೊತ್ತು ತಂದ ಪ್ರಶ್ನೆ. ಹೈದರಾಬಾದ ಸಂಸ್ಥಾನದ ವಿಸ್ತಾರವು 82,000 ಚದರ ಮೈಲಿಗಳಿಗೂ ಹೆಚ್ಚು; ಅದರಲ್ಲಿ 16 ಜಿಲ್ಲೆಗಳು; ಅವುಗಳಲ್ಲಿ ಕನ್ನಡದವು ಮೂರು. ಭೂಮಿಯಲ್ಲಿ ಸುಮಾರು ಐದರಲ್ಲಿ ಮೂರು ಪಾಲು ಸರಕಾರದ ದಿವಾನಿ ಸೀಮೆ. ಸುಮಾರು ಹತ್ತರಲ್ಲಿ ಒಂದು ಪಾಲು ಸರ್ಫೆ ಖಾಸ, ಎಂದರೆ ನಿಜಾಮನ ಸ್ವಂತ ಖರ್ಚಿಗೆಂದು ಬಿಟ್ಟುದು. ಅದರ ಉತ್ಪನ್ನವು ನೆಟ್ಟಗೆ ಅರಮನೆಗೆ ಹೋಗುತ್ತಿದ್ದಿತು. ಉಳಿದುದು ಜಹಗೀರದಾರರು ಮೊದಲಾದವರದು. ನಮ್ಮ ಕಲಬುರಗಿ ಜಿಲ್ಲೆಯಲ್ಲಿ ಪಾಯಗಾ ನವಾಬರ ಸೀಮೆಗಳೂ ಇದ್ದವು. ಒಕ್ಕಲಿಗನಿಗೆ ಮಾತ್ರ ಇವೆಲ್ಲ ಒಂದೇ. ಪಟ್ಟಿ ಕಟ್ಟುವುದು ತಪ್ಪುತ್ತಿರಲಿಲ್ಲ. 1937ರ ಫೆಬ್ರುವರಿಯಲ್ಲಿ ಅಮೇರಿಕೆಯ ಟೈಮ್ ಪತ್ರಿಕೆಯು ಏಳನೆಯ ನಿಜಾಮನ ಚಿತ್ರವನ್ನು ಮುಖಪುಟದಲ್ಲಿ ಹಾಕಿ ಅವನನ್ನು ಜಗತ್ತಿನ ಅತಿ ಶ್ರೀಮಂತನೆಂದು ಸಾರಿತು. ವಿನೋದವೆಂದರೆ ಆ ಉಸ್ಮಾನ ಅಲಿ ಖಾನನು ಚೌಮಹಲ್ಲಾದಲ್ಲಿ ವಾಸಿಸಲೇ ಇಲ್ಲ. ಅವನ ವಾಸವು ಕಿಂಗ್ ಕೋಠಿಯಲ್ಲಿ. ಮಿತವ್ಯಯಕ್ಕೆ ಅವನು ಹೆಸರಾದವನು. ಈ ಹತ್ತೊಂಬತ್ತು ಝೂಮರುಗಳ ಮನೆಯು ಅವನಿಗೆ ಸಮಾರಂಭಗಳಿಗಾಗಿ ಮಾತ್ರ ಬೇಕಾಗುತ್ತಿದ್ದಿತು.

ನ್ಯಾಯವಾಗಿ ಹೇಳಬೇಕಾದರೆ, ಆ ಮನೆತನವು ಕೇವಲ ತೆಗೆದುಕೊಂಡಿತೆಂದೂ ಹೇಳಲಾಗದು. ನಾವು ಬಂದ ರೈಲುಮಾರ್ಗವು ಅವರ ಕಾಲದ್ದು. ಕಲಬುರಗಿಯ ಮಹಬೂಬ ಶಾಹಿ ಗಿರಣಿಯು ಅವರ ಕಾಲದ್ದು. ಎಷ್ಟೋ ಮನೆಗಳ ಒಲೆಯನ್ನು ಅದು ನೂರು ವರ್ಷಗಳ ಕಾಲ ಉರಿಯಿಸಿತು. 1908ರಲ್ಲಿ ಮೂಸಿ ನದಿಯ ಮಹಾಪೂರವು ಹೈದರಾಬಾದನ್ನು ಕೊಚ್ಚಿದ ಬಳಿಕ ಉಸ್ಮಾನಸಾಗರ, ಹಿಮಾಯತಸಾಗರಗಳನ್ನು ಕಟ್ಟಿಸಿ ಪಟ್ಟಣಕ್ಕೆ ನೀರನ್ನೂ ರಕ್ಷಣೆಯನ್ನೂ ಒದಗಿಸಿದರು. 1918ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯವನ್ನು ಸ್ಥಾಪಿಸಿ ಇಂಗ್ಲಿಷಿಗೆ ಬದಲಾಗಿ ದೇಶಭಾಷೆಯೊಂದರಲ್ಲಿ ಉನ್ನತ ಶಿಕ್ಷಣವನ್ನು ಕೊಟ್ಟರು. ಆದರೆ ಆ ದೇಶಭಾಷೆಯು ಉರ್ದು. ಪ್ರಜೆಗಳಲ್ಲಿ ಬಹು ಮಂದಿಯ ಮನೆಮಾತು ತೆಲುಗು, ಮರಾಠಿ, ಕನ್ನಡ. ಮೇಲಿನ ತರಗತಿಗಳಲ್ಲಿ ಓದಬೇಕೆಂಬ ಕನ್ನಡದ ಹುಡುಗನು ಮೊದಲು ಇನ್ನೊಂದು ಭಾಷೆಯ ಹೊಸ್ತಿಲನ್ನು ದಾಟಬೇಕಾಗಿದ್ದಿತು. ಕಲಬುರಗಿಯಲ್ಲಿ 1907ರಲ್ಲಿ ನೂತನ ವಿದ್ಯಾಲಯವು ಹುಟ್ಟಿದುದೂ ಕಾಚಿಗುಡದಲ್ಲಿ ನೃಪತುಂಗನ ಹೆಸರು ನಿಂತುದೂ ಜನರ ಸ್ವಂತ ಪ್ರಯತ್ನದಿಂದಲೇ. ಹೀಗೆ ಅರಮನೆಯ ಬೆಳಕು ಪಟ್ಟಣದ ಸುತ್ತ ಬಿದ್ದಿತು. ಹಳ್ಳಿಯ ಕಡೆಗೆ ಬರುವಷ್ಟರಲ್ಲಿ ಕ್ಷೀಣಿಸಿಹೋಯಿತು.

ಕೊಳದ ಕಟ್ಟೆಯ ಮೇಲೆ ಕುಳಿತು ತಂದ ರೊಟ್ಟಿಯ ನೆನಪಿನಲ್ಲಿ ನೀರು ಕುಡಿಯುತ್ತಿದ್ದಾಗ 1948ರ ಮಾತು ಬಂದಿತು. ನಾವು ಮುತ್ಯಾನ ಕಥೆಯನ್ನು ಹೇಳಿದೆವು. ಸಪ್ಟೆಂಬರ 13ರಂದು ಹಿಂದುಸ್ಥಾನದ ಸೈನ್ಯವು ಸೊಲ್ಲಾಪುರದ ಕಡೆಯಿಂದ ನಳದುರ್ಗದ ಮಾರ್ಗವಾಗಿ ಒಳಗೆ ಬಂದುದು, 17ರಂದು ನಿಜಾಮನು ಸೋಲೊಪ್ಪಿದುದು, ಅನಂತರ ಊರು ಬಿಟ್ಟವರು ತಿರುಗಿ ಬಂದುದು ಇವೆಲ್ಲ ನಮ್ಮ ಮನೆಯಲ್ಲಿ ಹಬ್ಬದ ಮಾತು. ಉರ್ದು ಬಲ್ಲ ಗೆಳೆಯನು ಎಲ್ಲವನ್ನೂ ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದನು. ಬಳಿಕ, "ನಮ್ಮ ದಾದಿಯೂ ಆ ವರ್ಷವೇ ಊರು ಬಿಟ್ಟಳು," ಎಂದನು. "ನಿಮ್ಮ ಮುತ್ಯಾ ತಿರುಗಿ ಬಂದ ದಿನಗಳಲ್ಲಿ ಅವಳು ಹೊರಟಳು." ಪೊಲೀಸ ಕಾರ್ಯಾಚರಣೆಯ ತರುವಾಯ ಕಲಬುರಗಿ, ಬೀದರ, ಉಸ್ಮಾನಾಬಾದ, ನಾಂದೇಡ ಜಿಲ್ಲೆಗಳಲ್ಲಿ ರಜಾಕಾರರ ಪಾಪಕ್ಕಾಗಿ ನಿರಪರಾಧಿಗಳಾದ ಮುಸಲ್ಮಾನರು ಬಹಳ ಜನ ಪ್ರಾಣಕ್ಕೂ ಆಸ್ತಿಗೂ ಎರವಾದರೆಂಬುದು ಇತಿಹಾಸದ ಸಂಗತಿ. ಪಂಡಿತ ಸುಂದರಲಾಲರ ನೇತೃತ್ವದಲ್ಲಿ ಹೋದ ಮಂಡಳಿಯು ಅದನ್ನು ಬರೆದಿಟ್ಟಿದೆ. ನಾವು ಒಂದೇ ಬೆಂಚಿನ ಮೇಲೆ ಕುಳಿತು ಓದಿದವರು. ಒಂದೇ ಊರಿನ ಒಂದೇ ವರ್ಷದ ಈ ಎರಡನೆಯ ಕಥೆಯು ನಮಗೆ ಅಂದಿನವರೆಗೂ ತಿಳಿದಿರಲಿಲ್ಲ. ಎದುರಿಗೆ ಅರಮನೆಯು ಬೆಳ್ಳಗೆ ಹೊಳೆಯುತ್ತಿದ್ದಿತು. ಅರಸನು ಕ್ಷೇಮದಿಂದಿದ್ದನು. ರಾತ್ರಿಯಲ್ಲಿ ಮಕ್ಕಳನ್ನು ಎತ್ತಿಕೊಂಡು ಹೊಲದಲ್ಲಿ ಓಡಿದವರು ಎರಡೂ ಕೇರಿಗಳ ತಾಯಂದಿರು.

ಅರಸೊತ್ತಿಗೆಯು ಹೋದ ಮೇಲೆ ಅರಮನೆಯೂ ಹಾಳುಬಿದ್ದಿತು. 1967ರಲ್ಲಿ ಉಸ್ಮಾನ ಅಲಿ ಖಾನನು ತೀರಿಕೊಂಡಾಗ ಮೊಮ್ಮಗನಾದ ಮುಕರ್ರಮ ಜಾಹನಿಗೆ ಇದೇ ಖಿಲವತದಲ್ಲಿ ಪಟ್ಟವಾಯಿತು. ಅನಂತರದ ದಶಕಗಳಲ್ಲಿ ಬಾಗಿಲುಗಳು ಮುಚ್ಚಿ, ಗಚ್ಚು ಉದುರಿ, ಝೂಮರುಗಳು ಕಳಚಿದವು. 2000ದ ಸುಮಾರಿಗೆ ರಾಜಕುಮಾರಿ ಎಸ್ರಾ ಅವರ ಆಸ್ಥೆಯಿಂದ ಜೀರ್ಣೋದ್ಧಾರವು ಮೊದಲಾಯಿತು. 2005ರಲ್ಲಿ ಅರಮನೆಯು ಎಲ್ಲರಿಗಾಗಿ ತೆರೆಯಿತು. 2010ರಲ್ಲಿ ಯುನೆಸ್ಕೋ ಸಂಸ್ಥೆಯು ಈ ಕೆಲಸಕ್ಕೆ ಪ್ರಶಸ್ತಿಯನ್ನಿತ್ತಿತು. ಮುಕರ್ರಮ ಜಾಹನು 2023ರ ಜನವರಿಯಲ್ಲಿ ತುರ್ಕಸ್ಥಾನದಲ್ಲಿ ತೀರಿಕೊಂಡಾಗ ಪಾರ್ಥಿವ ಶರೀರವನ್ನು ಈ ಅರಮನೆಗೇ ತಂದು ಜನರ ದರ್ಶನಕ್ಕಿಟ್ಟರು. ಹಿಂದೆ ಮನಸಬದಾರರೂ ನವಾಬರೂ ಬಾಗಿ ನಡೆದ ಶಾಲೆಯಲ್ಲಿ ಈಗ ಚೀಟಿ ಕೊಂಡ ಯಾರಾದರೂ ನೆಟ್ಟಗೆ ನಿಂತು ಮೇಲೆ ನೋಡಬಹುದು. ಇದೂ ಒಂದು ದೊಡ್ಡ ಬದಲಾವಣೆಯೇ.

ಊರಿಗೆ ಬಂದ ದಿನ ಸಂಜೆ ಮುತ್ಯಾನ ಮುಂದೆ ಕುಳಿತು ರೂಪಾಯಿಯನ್ನು ತಿರುಗಿ ಕೊಟ್ಟೆವು. "ಎಷ್ಟು ದೀಪ?" ಎಂದು ಮೊದಲು ಕೇಳಿದನು. ಝೂಮರು ಹತ್ತೊಂಬತ್ತು, ದೀಪದ ಲೆಕ್ಕ ಹತ್ತಲಿಲ್ಲ ಎಂದೆವು. ಆತನು ತಲೆಯಾಡಿಸಿದನು. ಬಳಿಕ ಕಾಕಾ ಕಂಬದ ಬುಡದಲ್ಲಿ ಕುಳಿತುದನ್ನೂ ಗಚ್ಚಿನ ಎಲೆಗಳನ್ನೂ ಹೇಳಿದೆವು. ಗೆಳೆಯನ ದಾದಿಯ ಮಾತನ್ನೂ ಮುಚ್ಚಿಡಲಿಲ್ಲ. ಅದನ್ನು ಕೇಳಿ ಮುತ್ಯಾ ಬಹಳ ಹೊತ್ತು ಅಂಗಳದ ಕಡೆಗೆ ನೋಡುತ್ತಿದ್ದನು. "ಹೌದು," ಎಂದನು ಮೆಲ್ಲಗೆ. "ಆಕೀ ಮನಿ ನಮ್ಮ ಓಣಿ ಕಡೀಗೇ ಇತ್ತು. ನಾವು ಯಾರೂ ಕೇಳಲಿಲ್ಲ ಎಲ್ಲಿಗಿ ಹೋದ್ರು ಅಂತ."

ಆಮೇಲೆ ನಾವು ಕೇಳಿದೆವು: "ಮುತ್ಯಾ, ಆ ಅರಮನಿ ಬಿದ್ದು ಹೋಗಲಿ ಅಂದಿದ್ದಿ. ಈಗೇನಂತಿ?" ಆತನು ಕೈಯಲ್ಲಿಯ ರೂಪಾಯಿಯನ್ನು ಹೊರಳಿಸಿ ನೋಡಿದನು. "ಬ್ಯಾಡ, ಇರಲಿ," ಎಂದನು. "ಪಟ್ಟಿ ಕಟ್ಟಿದ ಮ್ಯಾಲ ಪಾವತಿ ಇಟಗೋಬೇಕು. ನಮ್ಮ ಅಪ್ಪಗ ಅವರು ಕೊಟ್ಟ ಪಾವತಿ ಯಾವುದೂ ಉಳಿದಿಲ್ಲ. ಅದೊಂದ ಉಳದದ." ಇಷ್ಟು ಹೇಳಿ ರೂಪಾಯಿಯನ್ನು ಟ್ರಂಕಿನೊಳಗಿಟ್ಟು ಬೀಗ ಹಾಕಿದನು.

ಮುತ್ಯಾ ಈಗಿಲ್ಲ. ಆತನ ಮಾತನ್ನು ನಾವು ಆಗಾಗ ನೆನೆಯುತ್ತೇವೆ. ಮಳಖೇಡದ ಅರಮನೆಯು ಹೆಸರಿಲ್ಲದಂತಾಯಿತು. ಭೀಮೆಯ ದಂಡೆಯಲ್ಲಿ ಬಹಮನಿ ಫಿರೋಜ ಶಹನು ಕಟ್ಟಿಸಿದ ಫಿರೋಜಾಬಾದದ ಅರಮನೆಯ ಗೋಡೆಗಳು ಜೋಳದ ಹೊಲಗಳ ನಡುವೆ ಮುರಿದು ನಿಂತಿವೆ. ಅವನ್ನು ಕಟ್ಟಿದ ಕೈಗಳ, ಅವಕ್ಕೆ ಹಣ ತೆತ್ತ ಮನೆಗಳ ಲೆಕ್ಕವು ಅವುಗಳೊಡನೆಯೇ ಹೋಯಿತು. ಚೌಮಹಲ್ಲಾ ಉಳಿದಿದೆ. ಅದನ್ನು ಬರಿಯ ಬೆರಗಿನಿಂದ ನೋಡಿದರೆ ಅರಸನೊಬ್ಬನೇ ಕಾಣುವನು; ಬರಿಯ ಸಿಟ್ಟಿನಿಂದ ನೋಡಿದರೆ ಏನೂ ಕಾಣುವುದಿಲ್ಲ.

ಆದುದರಿಂದ ಗೃಹಸ್ಥರಲ್ಲಿ ನಮ್ಮದೊಂದು ವಿಜ್ಞಾಪನೆ. ಮಕ್ಕಳನ್ನು ಇಂಥ ಸ್ಥಳಗಳಿಗೆ ಅಗತ್ಯವಾಗಿ ಕಳುಹಿಸಿರಿ. ಶುಕ್ರವಾರ ಮಾತ್ರ ಬೇಡ. ಹೊರಡುವ ಮುನ್ನ ಮನೆಯ ಹಿರಿಯರ ಬಳಿಯಲ್ಲಿ ಒಂದು ಗಳಿಗೆ ಕುಳ್ಳಿರಿಸಿ, ಆ ಕಾಲದ ಒಂದೆರಡು ಮಾತುಗಳನ್ನು ಕೇಳಿಸಿ ಕಳುಹಿಸಿರಿ. ಬಂದ ಮೇಲೆ ಅವರು ಕಂಡುದನ್ನು ಹಿರಿಯರಿಗೆ ಹೇಳಿಸಿರಿ. ನಾವಾದರೋ ಮುಂದಿನ ಸಲ ಹೋದಾಗ ಗೆಳೆಯನ ದಾದಿಯನ್ನು ಕರೆದುಕೊಂಡು ಹೋಗಬೇಕೆಂದಿದ್ದೆವು. ಅಷ್ಟರಲ್ಲಿ ಅವಳೂ ತೀರಿಕೊಂಡಳು. ಹಿರಿಯರಿರುವಾಗಲೇ ಕೇಳಿಕೊಳ್ಳುವುದು ಒಳ್ಳೆಯದು.